ಅಕ್ಕನ ಹೆಸರಿನ ಮನೆ

ನನ್ನ ಗಂಡನ ಅಕ್ಕ ಮದುವೆಯಾದವರಲ್ಲ. ಹಡಗಲಿ, ಕೂಡ್ಲಿಗಿ ಕಡೆಯ ಹಳ್ಳಿಗಳಲ್ಲಿ ನರ್ಸಾಗಿ ದುಡಿದು, ನಿವೃತ್ತಿಯಾದ ಮೇಲೆ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ಬಂದರು. ಪಡಸಾಲೆಯ ಹಿಂದಿನ ಸಣ್ಣ ಕೋಣೆ ಅವರದಾಯಿತು. ಇದು ಬೇಕು, ಅದು ಬೇಡ ಅಂತ ಒಂದು ದಿನವೂ ಬಾಯಿ ತೆರೆದವರಲ್ಲ. ನಾನೂ ಅವರನ್ನು ಅಕ್ಕಾ ಅಂತಲೇ ಕರೆಯುತ್ತಿದ್ದೆ.

ನಂದು ಹೊಲಿಗೆ ಅಂಗಡಿ. ಒಂದು ಚಳಿಗಾಲದಲ್ಲಿ ಅಂಕಸಮುದ್ರದ ಕೆರೆಗೆ ಹಕ್ಕಿ ನೋಡಲು ಬಂದ ಧಾರವಾಡದ ಗಂಡಹೆಂಡತಿ, ಕಿತ್ತುಹೋದ ಕ್ಯಾಮೆರಾ ಚೀಲ ಹೊಲಿಸಲು ನನ್ನ ಅಂಗಡಿಗೆ ಬಂದರು. "ಇಲ್ಲೆ ಯಾರರ ಮನ್ಯಾಗ ಒಂದ್ ರೂಮ್ ಸಿಗ್ತದೇನ್ರಿ?" ಅಂತ ಕೇಳಿದರು. ನಮ್ಮ ಮನೆಯಲ್ಲೇ ಇರಿಸಿಕೊಂಡೆವು. ಹೋಗುವಾಗ ಆ ಹೆಂಗಸು ಅಕ್ಕನ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದಳು. ಹೋಂಸ್ಟೇ ಮಾಡುವ ಹುಚ್ಚು ನನಗೆ ಹತ್ತಿದ್ದು ಅವತ್ತೇ.

ಹಂಪಸಾಗರದ ಅಂಚಿನಲ್ಲಿ ಎರಡು ಕೋಣೆಯ ಹಳೆಯ ಮಾಳಿಗೆ ಮನೆಯೊಂದು ಮಾರಾಟಕ್ಕಿತ್ತು. ಮೇಲೆ ಹತ್ತಿದರೆ ಅಣೆಕಟ್ಟೆಯ ಹಿನ್ನೀರು ಕಾಣುತ್ತಿತ್ತು. ನಮ್ಮ ಕೈಯಲ್ಲಿದ್ದದ್ದು ಸಾಲದು ಅಂತ ನಾನೂ ನನ್ನ ಗಂಡನೂ ಸುಮ್ಮನಾದಾಗ ಅಕ್ಕ ತಮ್ಮ ನಿವೃತ್ತಿಯ ಹಣ ತಂದಿಟ್ಟರು. ಹೆಚ್ಚಿನ ಪಾಲು ಅವರದ್ದೇ, ಹಾಗಾಗಿ ಖರೀದಿ ಪತ್ರವೂ ಅವರ ಹೆಸರಿಗೇ ಆಯಿತು.

ನಮಗೆ ಏನೂ ಗೊತ್ತಿರಲಿಲ್ಲ. ಪರದೆ ನಾನೇ ಹೊಲಿದೆ, ಕಿಟಕಿಗಿಂತ ಒಂದು ಗೇಣು ಕಮ್ಮಿ ಬಂತು. ನನ್ನ ಗಂಡ ಮೋಟಾರು ರಿಪೇರಿ ಮಾಡುವವನು, ಆದರೂ ಮೊದಲ ಅತಿಥಿಗಳು ಬಂದ ದಿನವೇ ಗೀಸರು ಕೈಕೊಟ್ಟಿತು. ನಾವು ಬಸ್ಸಿನಲ್ಲಿ ಹೋಗಿ ಬೀಗದ ಕೈ ಕೊಟ್ಟು ವಾಪಸು ಬರುತ್ತಿದ್ದೆವು. ಹೀಗೂ ಒಂದು ವರ್ಷ ನಡೆಯಿತು.

ಅಷ್ಟರಲ್ಲಿ ಹೊಸಪೇಟೆ ಕಡೆ ಅನುಮತಿ ಇಲ್ಲದ ಹೋಂಸ್ಟೇಗಳಿಗೆ ಬೀಗ ಹಾಕುತ್ತಿದ್ದಾರೆ ಅನ್ನುವ ಸುದ್ದಿ ಬಂತು. ಹೆದರಿಕೊಂಡು ಪ್ರವಾಸೋದ್ಯಮ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಒಳ್ಳೆಯವರು, ಕೂರಿಸಿ ತಿಳಿಸಿ ಹೇಳಿದರು. ಪಂಚಾಯ್ತಿ ಒಪ್ಪಿಗೆ ಬೇಕು, ಬಂದವರ ವಿವರ ಬರೆದಿಡಬೇಕು, ಪೊಲೀಸ್ ಠಾಣೆಗೆ ತಿಳಿಸಬೇಕು. ಅದೆಲ್ಲ ಮಾಡಬಹುದಿತ್ತು. ಕೊನೆಗೆ ಕೇಳಿದರು:

"ಮನಿ ಯಾರ ಹೆಸರಿಗೈತೋ ಅವರು ಅಲ್ಲೇ ಇರ್ತಾರೇನಮ್ಮ?"

"ಇಲ್ರಿ, ನಮ್ಮ ಜೊತಿಗೆ ಅದಾರ."

"ಹಂಗಾರ ಆಗಂಗಿಲ್ಲ. ಮಾಲೀಕರು ಇರ್ಲಾರದ್ದು ಹೋಂಸ್ಟೇ ಹೆಂಗಾಗ್ತೈತಿ?"

ಮನೆಗೆ ಬಂದು ಗಂಡನ ಮುಂದೆ ಒಂದು ಉಪಾಯ ಹೇಳಿದೆ. ಅಧಿಕಾರಿಗಳು ತಪಾಸಣೆಗೆ ಬರುವ ದಿನ ಅಕ್ಕನ ಒಂದಷ್ಟು ಸೀರೆ, ಪಾತ್ರೆ ಅಲ್ಲಿಟ್ಟರೆ ಸಾಕು. ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು.

"ಸುಳ್ಳ್ಯಾಕ ಹೇಳ್ತಿ ತಂಗಿ? ನಾನೇ ಹೋಗಿ ಇರ್ತೀನಿ."

"ಬ್ಯಾಡ್ರಿ ಅಕ್ಕಾ. ಅದ್ನ ಮಾರಿಬಿಡೋಣ."

ಅವರು ತಿರುಗಿ ಒಳಗೆ ಹೋದರು. ಮರುದಿನವೇ ಗಂಟು ಕಟ್ಟಿದರು. ನೋವಾಗಿಯೇ ಹೊರಟರೆಂದು ನಾನು ತಿಳಿದೆ. ಓಣಿಯವರು, ದುಡ್ಡಿಗಾಗಿ ಗಂಡನ ಅಕ್ಕನನ್ನು ಹೊರಗೆ ಹಾಕಿದಳು ಅನ್ನುತ್ತಾರೆ ಅನ್ನೋ ಅಳುಕು ಬೇರೆ. ಅವರನ್ನು ಬಿಟ್ಟುಬರಲು ನಾನೇ ಹೋದೆ. ಅಲ್ಲಿ ಅಡುಗೆಮನೆಯಲ್ಲಿ ಡಬ್ಬಿಗಳನ್ನು ಜೋಡಿಸುತ್ತಾ ಅಳು ತಡೆಯಲಾಗಲಿಲ್ಲ.

"ನಾನು ನಿಮ್ಮನ್ನ ಕಳಿಸಿಬಿಟ್ಟೆ ಅಕ್ಕಾ," ಅಂದೆ.

ಅಕ್ಕ ಸ್ಟೂಲಿನ ಮೇಲೆ ನಿಂತು ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಇಳಿದು ಬಂದು ನನ್ನ ಪಕ್ಕದಲ್ಲಿ ಕೂತರು.

"ಹುಚ್ಚಿ, ಯಾಕ ಅಳ್ತಿ? ಸಣ್ಣಾಕಿದ್ದಾಗ ಅಪ್ಪನ ಮನಿ, ಆಮ್ಯಾಲೆ ಸರಕಾರದ ಕ್ವಾರ್ಟರ್ಸು, ಈಗ ತಮ್ಮನ ಮನಿ. ಎಲ್ಲೂ ಒಂದ್ ಮೊಳಿ ಹೊಡಿಲಿಲ್ಲ ನಾನು. ನೀವು ಬ್ಯಾಡ ಅಂತಿದ್ದಿಲ್ಲ, ನನಗ ಕೇಳಾಕ ಮನಸ್ಸು ಬರ್ಲಿಲ್ಲ. ಇಲ್ಲೆ ಬಂದಾಗಿಂದ ಆರು ಮೊಳಿ ಹೊಡ್ದೀನಿ ನೋಡು. ತೂಗುಹಾಕಾಕ ಏನೂ ಇಲ್ಲ, ಆದ್ರೂ ಹೊಡ್ದೀನಿ."

ಅಳುತ್ತಿದ್ದವಳಿಗೆ ನಗು ಬಂತು. ಅವರೂ ನಕ್ಕರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವರು ಹಾಗೆ ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ತಪಾಸಣೆಗೆ ಬಂದ ಅಧಿಕಾರಿ ಬಚ್ಚಲು ನೋಡಿದರು, ಬಂದವರ ವಿವರ ಬರೆದಿಟ್ಟ ಪುಸ್ತಕ ನೋಡಿದರು, ಆಮೇಲೆ "ಇಲ್ಲಿ ಯಾರು ವಾಸ ಇರೋದು?" ಅಂತ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಮುಂದೆ ಬಂದರು.

"ನಾನಿರ್ತೀನ್ರಿ. ಇದು ನನ್ನ ಮನಿ. ಕುಂದರ್ರಿ, ಚಾ ಕುಡದು ಹೋಗೀರಂತ."

ಅನುಮತಿ ಪತ್ರ ಕೈಗೆ ಬರಲು ಮೂರು ತಿಂಗಳು ಹಿಡಿಯಿತು. ಒಂದು ಕೋಣೆ ಅಕ್ಕನದಾದ್ದರಿಂದ ಬಾಡಿಗೆಗೆ ಉಳಿದದ್ದು ಒಂದೇ. ನಾನು ಅಂದುಕೊಂಡಷ್ಟು ಲಾಭ ಬರಲಿಲ್ಲ, ಮುಂದೂ ಬರಲಿಕ್ಕಿಲ್ಲ. ಆದರೆ ಒಮ್ಮೆ ಬಂದವರು ಮತ್ತೆ ಬರುತ್ತಾರೆ. ಧಾರವಾಡದ ಆ ಗಂಡಹೆಂಡತಿ ಮೊನ್ನೆ ಮೂರನೇ ಸಲ ಬಂದಿದ್ದರು, ಅವಳು ಈಗ ಹಕ್ಕಿಗಿಂತ ಹೆಚ್ಚು ಹೊತ್ತು ಅಕ್ಕನ ಒಲೆಯ ಮುಂದೆ ಇರುತ್ತಾಳಂತೆ. ಊರಿನ ಹೆಂಗಸರು ಮಕ್ಕಳಿಗೆ ಕೆಮ್ಮು ಅಂತ ಅಕ್ಕನ ಹತ್ತಿರ ಬರುತ್ತಾರೆ. ಅತಿಥಿಗಳು ಕಟ್ಟೆಯ ಮೇಲೆ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿರುವಾಗಲೇ ಪಕ್ಕದಲ್ಲಿ ಅಕ್ಕ ಕೂಸಿನ ಎದೆಗೆ ಕಿವಿ ಇಟ್ಟು ಕೇಳುತ್ತಿರುತ್ತಾರೆ.

ಕಳೆದ ನಾಗರ ಪಂಚಮಿಗೆ ಅಕ್ಕ ಫೋನು ಮಾಡಿದರು. "ಈ ಸಲ ರೂಮು ಯಾರಿಗೂ ಕೊಡಂಗಿಲ್ಲ. ನೀನು ಬಾ, ಮಕ್ಕಳನ್ನ ಕರಕೊಂಡು ಬಾ."

ನನ್ನ ಅವ್ವ ಹೋದಮೇಲೆ ಹಬ್ಬಕ್ಕೆ ತವರಿಗೆ ಕರೆಯುವವರು ನನಗೆ ಯಾರೂ ಇರಲಿಲ್ಲ. ಎರಡು ದಿನ ಇದ್ದೆ. ಅಕ್ಕ ಒಂದು ಲೋಟವನ್ನೂ ತೊಳೆಯಗೊಡಲಿಲ್ಲ. ಹೊರಡುವ ಮಧ್ಯಾಹ್ನ ಪಡಸಾಲೆಯಲ್ಲಿ ಮಣೆ ಹಾಕಿ ಕೂರಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಕುಪ್ಪಸದ ಕಣ ಹಾಕಿ ಉಡಿ ತುಂಬಿದರು. ಎದ್ದು ಅವರ ಕಾಲು ಮುಟ್ಟಿದೆ. ಉಡಿಯನ್ನು ಸೆರಗಿನಲ್ಲಿ ಬಿಗಿಯಾಗಿ ಹಿಡಿದುಕೊಂಡು ಬಸ್ಸು ಹತ್ತಿದೆ.