ಎರಡು ಕಿರೀಟ, ಒಂದು ಮಂಗಳವಾರ

ನನ್ನ ಬಳಿ ಎರಡು ಹಲ್ಲುಜ್ಜುವ ಬ್ರಷ್‌ಗಳಿವೆ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಮೂವರೊಂದಿಗೆ ಹಂಚಿಕೊಂಡ ಕೋಣೆಯಲ್ಲಿರುವುದರ ಎಳೆಗಳೆಲ್ಲ ಕೆದರಿಹೋಗಿವೆ. ದುಬೈನ ಮಿರ್ದಿಫ್‌ನಲ್ಲಿ ಹೆಂಡತಿ, ಮಗಳು ಇರುವ ಮನೆಯದು ಮಾತ್ರ, ವಾರಕ್ಕೆರಡೇ ದಿನದ ಸೇವೆಯ ಪುಣ್ಯದಿಂದ, ಇನ್ನೂ ಅಂಗಡಿಯಿಂದ ತಂದಂತಿದೆ. ನನ್ನ ಕೆಲಸ ಅಬುಧಾಬಿಯಲ್ಲಿ, ಹೆಂಡತಿ ಕೆಲಸ ಮಾಡುವ ಆಸ್ಪತ್ರೆ ದುಬೈನಲ್ಲಿ. ಶುಕ್ರವಾರ, ಶನಿವಾರದ ರಜೆಗೆಂದು ಗುರುವಾರ ಸಂಜೆ ಬಸ್ಸು ಹತ್ತಿ ಬಂದು ಶನಿವಾರ ಮರಳುವುದು ಆರು ವರ್ಷಗಳ ಪರಿಪಾಠ.

ಒಂದು ಶುಕ್ರವಾರ ಒಂಬತ್ತನೆಯ ತರಗತಿಯ ಮಗಳು ಇತಿಹಾಸದ ಪುಸ್ತಕ ಹಿಡಿದು ಬಂದಳು. ಪಾಠ, ಆಸ್ಟ್ರಿಯಾ ಮತ್ತು ಹಂಗೇರಿ. ದೊರೆ ಒಬ್ಬನೇ, ರಾಜ್ಯ ಎರಡು. ಸಂಸತ್ತು ಬೇರೆ, ಸರ್ಕಾರ ಬೇರೆ, ಸೇನೆ ಮತ್ತು ವಿದೇಶ ವ್ಯವಹಾರ ಮಾತ್ರ ಜಂಟಿ.

"ಹಾಗಾದ್ರೆ ರಿಯಲ್ ಬಾಸ್ ಯಾರು ಪಪ್ಪಾ?"

ಸಾರ್ವಭೌಮತ್ವ ಕಿರೀಟದಲ್ಲಿರುತ್ತದೆ, ದೊರೆ ಹೋದಲ್ಲೆಲ್ಲ ಅದೂ ಹೋಗುತ್ತದೆ ಎಂದು ನಾನು ಲುಂಗಿ ಸರಿಪಡಿಸಿಕೊಳ್ಳುತ್ತ ಗಂಭೀರವಾಗಿ ಉಪದೇಶಿಸಿದೆ. ಅವಳು ಪುಟ ತಿರುವಿ ತೋರಿಸಿದಳು: ಹಂಗೇರಿಯವರು ಅಷ್ಟಕ್ಕೆ ಒಪ್ಪಲಿಲ್ಲವಂತೆ, ತಮ್ಮ ನೆಲಕ್ಕೆ ಕರೆಸಿ, ತಮ್ಮದೇ ಕಿರೀಟ ತೊಡಿಸಿ, ತಮ್ಮ ಕಾನೂನು ಪಾಲಿಸುವ ಪ್ರಮಾಣ ಮಾಡಿಸಿಕೊಂಡ ಮೇಲೆಯೇ ಅವನು ಅವರಿಗೆ ರಾಜನಾದದ್ದು.

"ಸರಿಯೇ ಉಂಟಲ್ಲ ಮಾರಾಯ್ರೆ," ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಈ ಮನೆಯ ದೊರೆ ನೀವಲ್ವಾ, ನಿಮಗೆ ಜೀರಿಗೆ ಡಬ್ಬಿ ಎಲ್ಲಿ ಅಂತ ಗೊತ್ತುಂಟಾ?"

ಗೊತ್ತಿರಲಿಲ್ಲ, ನಕ್ಕೆ. ಆದರೆ ಮೇಜಿನ ಮೇಲೆ ಮಗಳ ಶಾಲಾ ಪ್ರವಾಸದ ಒಪ್ಪಿಗೆ ಪತ್ರವಿತ್ತು, ಅಮ್ಮನ ಸಹಿ ಬಿದ್ದು ಮೂರು ದಿನವಾಗಿತ್ತು, ನನಗೆ ಸುದ್ದಿಯೇ ಇರಲಿಲ್ಲ. ಯಾರದೂ ತಪ್ಪಿಲ್ಲ, ಶಾಲೆಯವರು ಮಂಗಳವಾರ ಕೇಳಿದ್ದಕ್ಕೆ ಮಂಗಳವಾರವೇ ಉತ್ತರ ಬೇಕಲ್ಲ! ಈ ಮನೆಯ ಮಂಗಳವಾರ ಹೇಗಿರುತ್ತದೆಂದು ಆರು ವರ್ಷಗಳಿಂದ ನಾನು ಕಂಡೇ ಇಲ್ಲವೆಂಬುದು ಆಗ ಹೊಳೆಯಿತು. ಊರಿಗಾಗಿ ಹಂಬಲಿಸುವ ಗಲ್ಫಿನವರನ್ನು ನೀವು ಬೇಕಾದಷ್ಟು ಕಂಡಿರಬಹುದು. ನಾನು ಹಂಬಲಿಸಿದ್ದು ಬಸ್ಸಿನಲ್ಲಿ ಎರಡು ಗಂಟೆ ದೂರದ ಒಂದು ಮಂಗಳವಾರಕ್ಕೆ.

ಮುಂದಿನ ಮಂಗಳವಾರ ರಜೆ ಹಾಕಿ, ಹೇಳದೆ ಕೇಳದೆ ಹೋಗಿ ಬೆಲ್ ಒತ್ತಿದೆ.

"ಅಯ್ಯೋ, ಏನಾಯ್ತು? ಹುಷಾರುಂಟಲ್ಲ?" ಎಂದಳು ಹೆಂಡತಿ.

ವಾರಾಂತ್ಯದಲ್ಲಿ ನನಗೆಂದು ಖಾಲಿಯಿರುತ್ತಿದ್ದ ಕುರ್ಚಿಯ ಮೇಲೆ ಇಸ್ತ್ರಿಯಾಗದ ಬಟ್ಟೆಗಳ ರಾಶಿ. ಟಿವಿಯ ಮುಂದೆ ಚಾಪೆ ಹಾಸಿ ಅಮ್ಮ, ಮಗಳು ಒಂದೇ ತಟ್ಟೆಯಲ್ಲಿ ನೀರುದೋಸೆ ತಿನ್ನುತ್ತಿದ್ದರೆಂದು ಕಾಣುತ್ತದೆ. ನನ್ನನ್ನು ಕಂಡ ಮಗಳು ಗಡಿಬಿಡಿಯಿಂದ ಬಟ್ಟೆ ಎತ್ತಲು ಹೋದಳು. ಬೇಡವೆಂದು ಹೇಳಿ ಚಾಪೆಯ ಅಂಚಿನಲ್ಲಿ ಕೂತೆ.

"ಪಪ್ಪಾ, ಸೀರಿಯಲ್ ಮುಗಿಯೋ ತನಕ ಇಲ್ಲಿ ಯಾರೂ ಮಾತಾಡೋ ಹಾಗಿಲ್ಲ. ಓಕೆ?"

ಓಕೆ ಎಂದೆ. ಅವಳು ತಟ್ಟೆಯನ್ನು ನನ್ನ ಕಡೆಗೂ ಸ್ವಲ್ಪ ಸರಿಸಿದಳು.