ಹನ್ನೊಂದನೇ ಬಾವಿಯ ಸಿಹಿ

...ಅಥವಾ ಮುಚ್ಚಳದ ಒಳಗಿನ ಈ ವಾಸನೆ ಆ ಬಾವಿಯದ್ದೇ ಅಲ್ಲವೇನೋ. ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕ ಕಂದು ಗಾಜಿನ ಖಾಲಿ ಬಾಟಲಿ. ಬರೀ ರಬ್ಬರಿನ ವಾಸನೆ ಇರಬಹುದು. ಆದರೂ ಮೂಸಿದ ಕೂಡಲೇ ಕಾಕ ನೆನಪಾದರು.

ಬಹರೈನಿನಲ್ಲಿ ಆಗ ನಾವು ವಿಷತ್ಯಾಜ್ಯ ಹೂಳುವ ಒಂದು ಜಾಗದ ಸುತ್ತಲಿನ ಬಾವಿಗಳಿಂದ ನೀರು ತೆಗೆದು, ಅಂತರ್ಜಲ ಎಲ್ಲಿಯವರೆಗೆ ಕೆಟ್ಟಿದೆ ಎಂದು ನಕ್ಷೆ ಮಾಡುತ್ತಿದ್ದೆವು. ಕಾಕ ನಮ್ಮ ಪಿಕಪ್ಪಿನ ಡ್ರೈವರ್, ಉಳ್ಳಾಲದ ಕಡೆಯ ಬ್ಯಾರಿ. ಪ್ರತಿ ಬಾವಿಯಲ್ಲೂ ನಿಂತ ನೀರನ್ನು ಮೊದಲು ಪಂಪು ಹಾಕಿ ಹೊರಚೆಲ್ಲಬೇಕು. ಹೊಸ ನೀರು ಬಂದ ಮೇಲೆಯೇ ಬಾಟಲಿ ತುಂಬುವುದು. ಆ ಬಿಡುವಿನಲ್ಲಿ ಕಾಕ ಬೆರಳು ಅದ್ದಿ ನಾಲಗೆಗೆ ಹಚ್ಚಿ ಉಪ್ಪೆಷ್ಟೆಂದು ಹೇಳುತ್ತಿದ್ದರು.

"ನಿಮ್ಮ ಮೀಟರ್ ಇನ್ನೂ ನಿದ್ದೆಯಲ್ಲಿ ಉಂಟಾ ಇಂಜಿನಿಯರೇ? ಬರ್ಕೊಳ್ಳಿ, ಇದು ನಿನ್ನೆಯದ್ದಕ್ಕಿಂತ ಉಪ್ಪು."

ಹೆಚ್ಚಾಗಿ ಸರಿಯೇ ಇರುತ್ತಿತ್ತು. ನನಗದು ಆಟವಾಯಿತು; ಮೀಟರಿನ ಲೆಕ್ಕ ಬರೆಯುವ ಪುಸ್ತಕದ ಅಂಚಿನಲ್ಲಿ ಅವರ ಅಂದಾಜನ್ನೂ ಬರೆಯತೊಡಗಿದೆ. ತಡೆಯಬೇಕಿದ್ದವನು ನಾನು.

ಹನ್ನೊಂದನೇ ಬಾವಿ ಒಂದು ಪಾಳು ಖರ್ಜೂರದ ತೋಟದಲ್ಲಿತ್ತು. ಅಲ್ಲಿ ಕಾಕ ಬೊಗಸೆ ಹಿಡಿದು ಕುಡಿದೇಬಿಟ್ಟರು.

"ಎಂಥ ಸಿಹಿ ಮಾರಾಯ್ರೆ! ಪೈಪಿನ ನೀರಿನ ಚಾ ಇನ್ನು ಯಾರಿಗೆ ಬೇಕು?"

ಸೇತುವೆಯಾಚೆ ಮುಹರ್ರಕ್‌ನಲ್ಲಿದ್ದ ತಮ್ಮ ರೂಮಿಗೆಂದು ಒಂದು ಕ್ಯಾನ್ ತುಂಬಿಕೊಂಡರು. ಆಮೇಲೆ ಆ ಕಡೆ ಹೋದಾಗಲೆಲ್ಲ ತುಂಬಿಕೊಂಡರು.

ಆ ದ್ವೀಪದ ಬಾವಿಗಳೆಲ್ಲ ವರ್ಷದಿಂದ ವರ್ಷಕ್ಕೆ ಉಪ್ಪಾಗುತ್ತಿದ್ದವು. ಒಂದು ಮಾತ್ರ ಸಿಹಿಯಾಗಿದ್ದರೆ ಅದಕ್ಕೆ ಉಪ್ಪಿಲ್ಲದ ಬೇರೆ ನೀರು ಎಲ್ಲಿಂದಲೋ ಸೋರಿ ಸೇರುತ್ತಿದೆ ಎಂದು ಅನುಮಾನಿಸಬೇಕು. ಇದು ನನಗೆ ಅಲ್ಲಿಯೇ ಹೊಳೆದಿತ್ತೋ, ವಾರಗಳ ಮೇಲೆ ಲ್ಯಾಬಿನ ವರದಿ ಬಂದಾಗಲೋ... ನಾಲಗೆಗೆ ಸಿಗದ, ಯಂತ್ರ ತೊಳೆಯುವ ದ್ರಾವಕವೊಂದು ಆ ನೀರಿನಲ್ಲಿತ್ತು. ಕೆಟ್ಟ ನೀರಿನ ಗಡಿ ತೋರಿಸುವ ನಕ್ಷೆಯ ಕೆಂಪು ಗೆರೆಯನ್ನು ಹನ್ನೊಂದನೇ ಬಾವಿಯ ಆಚೆಗೆ ಎಳೆದವನು ನಾನೇ. ಕೆಲಸ ಮುಗಿಯುವವರೆಗೆ ಹೊರಗೆ ಬಾಯಿಬಿಡಬಾರದು ಎಂದು ಮೇಲಿನವರು ಹೇಳಿದ್ದರು.

ಒಂದು ನೆನಪಿನಲ್ಲಿ, ಸೇತುವೆಯ ಮೇಲೆ ಹೋಗುವಾಗ ನಾನು ಕಾಕನಿಗೆ ಎಲ್ಲ ಹೇಳುತ್ತೇನೆ; ಅವರು ನಗುತ್ತಾರೆ. ಇನ್ನೊಂದರಲ್ಲಿ ಅದೇ ಸೇತುವೆ, ಸೀಟಿನ ಹಿಂದೆ ನೀರು ಕುಲುಕುವ ಸದ್ದು, ನಾನು ಕಿಟಕಿಯ ಕಡೆ ನೋಡುತ್ತಿದ್ದೇನೆ. ಎರಡೂ ಅಷ್ಟೇ ಸ್ಪಷ್ಟ.

ಹೊಟ್ಟೆನೋವೆಂದು ರಜೆ ಹಾಕಿ ಊರಿಗೆ ಹೋದ ಕಾಕ ಮರಳಲಿಲ್ಲ. ಅವರ ನಂಬರಿಗೆ ಈಗ ಬೇರೆ ಯಾರೋ ಉತ್ತರಿಸುತ್ತಾರೆ.

ಬಾಟಲಿಯ ಜೊತೆ ಆ ಪುಸ್ತಕವೂ ಸಿಕ್ಕಿದೆ. ಅಂಚಿನಲ್ಲಿ ನನ್ನದೇ ಅಕ್ಷರ: 'ಕಾಕ — ಸಿಹಿ.' ಎಚ್ಚರಿಸಿದೆ ಎಂಬುದಕ್ಕೆ ಒಂದು ಪದವೂ ಇಲ್ಲ. ಆ ನೀರು ಅವರನ್ನು ಏನು ಮಾಡಿತೋ ನನಗೆ ಗೊತ್ತಿಲ್ಲ. ನಾನು ಹೇಳಿದ್ದೆನೇ ಎಂಬುದೂ ಗೊತ್ತಿಲ್ಲ.