ಸೊಪ್ಪಿನ ಅತ್ತೆಯ ಮೂಗು

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಬೀದಿಯವರಿಗೆಲ್ಲ ಸೊಪ್ಪಿನ ಅತ್ತೆ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಎತ್ತರದ ಕುರ್ಚಿ, ಕನ್ನಡಿ, ತಲೆ ತೊಳೆಯುವ ಬೇಸಿನ್ನು ಇಟ್ಟುಕೊಂಡು ಹೆಂಗಸರ ನರೆಗೂದಲಿಗೆ ಬಣ್ಣ ಹಚ್ಚುವುದು ಅವಳ ಕಸುಬು. ಬಾಟಲಿಯ ಬಣ್ಣವನ್ನು ಹೊಸಿಲು ದಾಟಲು ಬಿಟ್ಟವಳಲ್ಲ. ಏನಿದ್ದರೂ ಎಲೆಯ ಪುಡಿ. ಮೊದಲು ಮೆಹಂದಿ, ಬಿಳಿಗೂದಲು ಕೆಂಪಾಗುತ್ತದೆ. ಅದರ ಮೇಲೆ ಇಂಡಿಗೊ, ಅಂದರೆ ನೀಲಿ ಗಿಡದ ಎಲೆಯ ಪುಡಿ, ಆಗ ಕಪ್ಪು. ಹಿಂದುಮುಂದಾದರೆ ಕೆಟ್ಟಿತು. ಬಿಳಿಗೂದಲಿಗೆ ಬರೀ ಇಂಡಿಗೊ ಹಚ್ಚಿದರೆ ಹಸಿರು ಬೆರೆತ ನೀಲಿಗೆ ತಿರುಗುತ್ತದೆ.

ತಮಾಷೆಯೆಂದರೆ ಎರಡೂ ಪುಡಿ ನೋಡಲು ಹಸಿರೇ. ಡಬ್ಬಿಗಳೂ ಒಂದೇ ಥರದ ಸ್ಟೀಲಿನವು. ಅತ್ತೆ ಮುಚ್ಚಳ ತೆಗೆದು ಮೂಸುತ್ತಿದ್ದಳು. ಒಣಹುಲ್ಲಿನ ವಾಸನೆ ಬಂದರೆ ಮೆಹಂದಿ, ಹಸಿ ಬಟಾಣಿಯ ವಾಸನೆ ಬಂದರೆ ಇಂಡಿಗೊ. ಒಂದು ಚೀಟಿ ಅಂಟಿಸು ಎಂದರೆ ನನ್ನ ಮೇಲೇ ರೇಗುತ್ತಿದ್ದಳು.

"ಹೆತ್ತ ತಾಯಿ ಮಕ್ಕಳ ಹಣೆ ಮೇಲೆ ಹೆಸರು ಬರ್ಕೊಂಡು ಗುರುತು ಹಿಡೀತಾಳೇನೇ?"

ಇಂಥವಳಿಗೆ ಒಂದು ಕೆಟ್ಟ ಜ್ವರ ಬಂದು ಹೋಯಿತು. ಎದ್ದು ಓಡಾಡತೊಡಗಿದ ಮೇಲೆ ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕಿ, ತಳ ಹಿಡಿದು, ಮನೆಯೆಲ್ಲ ಸೀದ ವಾಸನೆ. ಪಕ್ಕದಲ್ಲೇ ಕೂತ ಅತ್ತೆ ಹಾಯಾಗಿ ಪೇಪರು ಓದುತ್ತಿದ್ದಳು. ಬೈದರೆ, "ವಯಸ್ಸಾಯ್ತಲ್ಲೇ," ಎಂದು ಹಾರಿಸಿಬಿಟ್ಟಳು.

ಎದುರುಮನೆಯ ದರ್ಜಿಯಮ್ಮ ಅವಳ ಹಳೆಯ ಗಿರಾಕಿ. ಕಣ್ಣು ಮಂಜಾದ ಮೇಲೆ ಆಕೆ ದಿನಾ ಬೆಳಿಗ್ಗೆ ಕಿಟಕಿಯಿಂದ ಅತ್ತೆಯನ್ನು ಕೂಗುತ್ತಾಳೆ. ಅತ್ತೆ ಗೊಣಗಿಕೊಂಡೇ ಹೋಗಿ ಅವಳ ಸೂಜಿಗಳಿಗೆಲ್ಲ ದಾರ ಪೋಣಿಸಿ ಬರುತ್ತಾಳೆ. ಹಾಲು ಉಕ್ಕಿದ ಕೆಲವೇ ದಿನಕ್ಕೆ ಆಕೆ ಬಣ್ಣ ಹಚ್ಚಿಸಿಕೊಳ್ಳಲು ಬಂದು ಕುರ್ಚಿಯಲ್ಲಿ ಕೂತಳು. ಅತ್ತೆ ಡಬ್ಬಿಯನ್ನು ಮೂಗಿಗೆ ಹಿಡಿದಳು. ಯಾಕೋ ಬಹಳ ಹೊತ್ತು ಹಿಡಿದಳು. ಆಮೇಲೆ ಬಿಸಿನೀರಲ್ಲಿ ಕಲಸಿ ಹಚ್ಚಿದಳು.

ತಲೆ ತೊಳೆದು ಟವೆಲು ತೆಗೆದಾಯಿತು. ದರ್ಜಿಯಮ್ಮ ಕನ್ನಡಿಗೆ ಮುಖ ತಾಗಿಸಿ ನೋಡಿಕೊಂಡಳು.

"ಅಕ್ಕಾ, ಇದೇನು, ನನ್ನ ತಲೆ ಪಾಚಿ ಕಟ್ಟಿದೆಯಲ್ಲಾ!"

ಅತ್ತೆ ಕೈಗವಸು ಬಿಚ್ಚಿಟ್ಟು ಸ್ಟೂಲಿನ ಮೇಲೆ ಕುಸಿದಳು.

"ನಂಗೆ ವಾಸನೇನೇ ಬರಲ್ಲ ಕಣೇ. ಜ್ವರ ಬಂದಾಗಿಂದ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ಸಾಕು. ನಾಳೆಯಿಂದ ಈ ಬಾಗ್ಲು ಹಾಕ್ಬಿಡ್ತೀನಿ."

ಮನೆಯವರಿಗೂ ಬಾಯಿ ಬಿಡದ ಅವಳ ಜಂಬಕ್ಕೆ ನನಗೆ ಸಿಟ್ಟು ಬಂತು. ಅವಳು ಹಾಗೆ ಕೂತದ್ದನ್ನು ನೋಡಿ ಅಳುವೂ ಬಂತು. ಆ ಕುರ್ಚಿ ಇಲ್ಲದೆ ಈ ಹೆಂಗಸು ಹೇಗೆ ಬದುಕುತ್ತಾಳೆ?

ದರ್ಜಿಯಮ್ಮ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

"ಆನೆಯಂಥದೂ ಮುಗ್ಗರಿಸುತ್ತೆ, ಬಿಡಕ್ಕ. ಕಣ್ಣು ಮಂಜಾಯ್ತು ಅಂತ ನಾನು ಹೊಲಿಯೋದು ಬಿಟ್ನಾ? ದಿನಾ ನಿನ್ನ ಕಣ್ಣು ಸಾಲ ಇಸ್ಕೊಳಲ್ವಾ? ತಾ ಇಲ್ಲಿ ಆ ಡಬ್ಬಿಗಳ್ನ."

ಹಸಿರು ತಲೆಯಲ್ಲೇ ಗತ್ತಾಗಿ ಕೂತು ಎರಡನ್ನೂ ಮೂಸಿದಳು.

"ಇದು ಒಣಹುಲ್ಲು. ಹಚ್ಚು ಇದನ್ನ. ಈ ವೇಷದಲ್ಲಿ ನಾನು ಬೀದಿ ದಾಟಲ್ಲ."

ಅತ್ತೆ ಮೂಗು ಒರೆಸಿಕೊಂಡು ಎದ್ದಳು. ಸಂಜೆಗೆ ಪಾಚಿ ಹೋಗಿ ಕೂದಲು ಗಾಢ ಕಂದು ಬಣ್ಣಕ್ಕೆ ತಿರುಗಿತು. ಕಪ್ಪಿಗಿಂತ ಇದೇ ಒಪ್ಪುತ್ತದೆಂದು ದರ್ಜಿಯಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಮರುದಿನ ಅತ್ತೆ ತಾನಾಗಿಯೇ ನನ್ನ ಮುಂದೆ ಪೆನ್ನು ಇಟ್ಟಳು. "ದಪ್ಪಗೆ ಬರಿ," ಎಂದಳು, ಮುಖ ಆಚೆ ತಿರುಗಿಸಿ. ಬರೆದು ಅಂಟಿಸಿದೆ.

ಕೋಣೆಯ ಬಾಗಿಲು ಈಗಲೂ ತೆರೆದೇ ಇದೆ. ಆದರೆ ಡಬ್ಬಿ ಕೈಗೆ ಬಂದ ಕೂಡಲೇ ಅತ್ತೆ ಮುಚ್ಚಳ ತೆಗೆದು ಮೊದಲು ಮೂಗಿಗೆ ಹಿಡಿಯುತ್ತಾಳೆ. ಒಂದು ಗಳಿಗೆ ಕಾಯುತ್ತಾಳೆ. ಆಮೇಲೆ ಚೀಟಿ ಓದುತ್ತಾಳೆ.